ಮಗುವಿಗೆ ಲಸಿಕೆ, ಅಜ್ಜಿ-ತಾತನಿಗೂ ರಕ್ಷಣೆ: ನ್ಯುಮೋನಿಯಾ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಗುವಿಗೆ ಆರು ವಾರ ತುಂಬಿದಾಗ ತೊಡೆಗೆ ಹಾಕುವ ಪಿಸಿವಿ (ನ್ಯುಮೊಕಾಕಲ್ ಕಾಂಜುಗೇಟ್ ವ್ಯಾಕ್ಸಿನ್) ಚುಚ್ಚುಮದ್ದು ಆ ಮಗುವನ್ನು ನ್ಯುಮೋನಿಯಾದಿಂದ ಕಾಪಾಡುತ್ತದೆ. ಇದು ಸುಮಾರು ತಂದೆ ತಾಯಂದಿರಿಗೆ ಗೊತ್ತು. ಅದೇ ಚುಚ್ಚುಮದ್ದು ಮನೆಯ ಹಿರಿಯರನ್ನೂ, ಬೀದಿಯ ಹಿರಿಯರನ್ನೂ ಕಾಪಾಡಬಲ್ಲದು ಎನ್ನುವುದು ಅಷ್ಟಾಗಿ ಗೊತ್ತಿಲ್ಲ. ವಿಷಯ ಹೊಸದೇನಲ್ಲ. ಇದಕ್ಕೆ ಲೆಕ್ಕ ಸಿಕ್ಕಿ 20 ವರ್ಷ ದಾಟಿದೆ. ನಮ್ಮಲ್ಲಿ ಮಾತ್ರ ಇದರ ಮಾತು ಕಡಿಮೆ. ಹಾಗಾಗಿ ಮನೆಗಳಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆಗಳನ್ನು ಒಂದು ಕಡೆ ಸೇರಿಸಿ ಉತ್ತರ ಬರೆದಿದ್ದೇನೆ.

ಚುಚ್ಚಿಸಿಕೊಂಡಿದ್ದು ಮಗು. ಅಜ್ಜಿಗೆ ಹೇಗೆ ಉಪಯೋಗ?

ನ್ಯುಮೋನಿಯಾ ತರುವ ರೋಗಾಣುಗಳಲ್ಲಿ ಬಹಳ ಮುಖ್ಯವಾದದ್ದು ನ್ಯುಮೊಕಾಕಸ್ ಎಂಬ ಬ್ಯಾಕ್ಟೀರಿಯಾ. ಅದು ಮೊದಲು ಸೇರಿಕೊಳ್ಳುವುದು ಶ್ವಾಸಕೋಶದಲ್ಲಲ್ಲ. ಮೂಗಿನ ಹಿಂದೆ, ಗಂಟಲು ಶುರುವಾಗುವ ಜಾಗದಲ್ಲಿ. ಅದರಲ್ಲೂ ಚಿಕ್ಕ ಮಕ್ಕಳ ಮೂಗು ಅದಕ್ಕೆ ಬಹಳ ಇಷ್ಟದ ಜಾಗ. ಅಲ್ಲಿ ವಾರಗಟ್ಟಲೆ ಸುಮ್ನೆ ಇರುತ್ತದೆ. ಮಗು ಆಡಿಕೊಂಡು, ಉಂಡುಕೊಂಡು ಚೆನ್ನಾಗೇ ಇರುತ್ತದೆ.

ಈಗ ಮನೆಯೊಳಗೆ ನಡೆಯುವುದನ್ನು ನೋಡಿ. ಮಗು ಅಜ್ಜಿಯ ಮುಖದ ಮೇಲೇ ಸೀನುತ್ತದೆ. ಅಜ್ಜಿ ಸೆರಗಿನಿಂದ ಸಿಂಬಳ ಒರೆಸುತ್ತಾರೆ. ಮಗು ಕಚ್ಚಿ ಬಿಟ್ಟ ಬಿಸ್ಕತ್ತನ್ನು ಬಿಸಾಡಲು ಮನಸ್ಸಾಗದೆ ತಾವೇ ಬಾಯಿಗೆ ಹಾಕಿಕೊಳ್ಳುತ್ತಾರೆ. ರಾತ್ರಿ ಮಗು ಮಲಗುವುದೂ ಅವರ ಪಕ್ಕದಲ್ಲೇ. ಇಷ್ಟು ಸಾಕು, ರೋಗಾಣು ಮಗುವಿನ ಮೂಗಿನಿಂದ ಅಜ್ಜಿಯ ಮೂಗಿಗೆ ದಾಟುತ್ತದೆ. ಅಜ್ಜಿಗೆ 70 ದಾಟಿದೆ, ಸಕ್ಕರೆ ಕಾಯಿಲೆ ಇದೆ, ಚಳಿಗಾಲ ಬಂದರೆ ದಮ್ಮು ಬರುತ್ತದೆ ಅಂದುಕೊಳ್ಳಿ. ಅವರಲ್ಲಿ ಅದೇ ರೋಗಾಣು ಮೂಗಿನಿಂದ ಕೆಳಗಿಳಿದು ಶ್ವಾಸಕೋಶ ಹಿಡಿಯುತ್ತದೆ.

ಪಿಸಿವಿ ಲಸಿಕೆ ಮಗುವಿನ ಮೂಗಿನಲ್ಲೇ ಈ ರೋಗಾಣು ಬೇರೂರದ ಹಾಗೆ ಮಾಡುತ್ತದೆ. ಪೂರ್ತಿ ತಡೆಯುತ್ತದೆ ಎನ್ನಲಾಗದು. ಈ ರೋಗಾಣುವಿನಲ್ಲಿ ಹಲವು ಬಗೆಗಳಿವೆ, ಲಸಿಕೆಯಲ್ಲಿ ಇರುವ ಬಗೆಗಳ ಮಟ್ಟಿಗೆ ತುಂಬಾ ಕಡಿಮೆ ಮಾಡುತ್ತದೆ. ಮಗುವಿನ ಮೂಗಿನಲ್ಲಿ ಇಲ್ಲದ್ದು ಅಜ್ಜಿಗೆ ದಾಟುವುದು ಹೇಗೆ? ಪರೋಕ್ಷ ರಕ್ಷಣೆ ಎನ್ನುವುದು ಇಷ್ಟೇ.

ಮಗುವಿಗೆ ಕೆಮ್ಮಿಲ್ಲ, ಜ್ವರ ಇಲ್ಲ. ಆದರೂ ಅದರ ಮೂಗಲ್ಲಿ ರೋಗಾಣು ಇರುತ್ತಾ?

ಇರುತ್ತದೆ. ಆರೋಗ್ಯವಾಗಿರುವ ಮಕ್ಕಳ ಮೂಗಿನಲ್ಲೂ ಇದು ಬಹಳ ಸಿಗುತ್ತದೆ. ಲಸಿಕೆ ಇಲ್ಲದ ಬಡ ದೇಶಗಳಲ್ಲಿ ಪರೀಕ್ಷೆ ಮಾಡಿದಾಗ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಮೂಗಿನಲ್ಲಿ ನ್ಯುಮೊಕಾಕಸ್ ಸಿಕ್ಕಿರುವುದು ಸಾಮಾನ್ಯ. ದೊಡ್ಡವರಲ್ಲಿ ಈ ಪ್ರಮಾಣ ತುಂಬಾ ಕಡಿಮೆ. ಮಕ್ಕಳ ರೋಗ ನಿರೋಧಕ ಶಕ್ತಿ ಇನ್ನೂ ಪಳಗಿರುವುದಿಲ್ಲ. ಒಬ್ಬರ ಆಟದ ಸಾಮಾನು ಇನ್ನೊಬ್ಬರ ಬಾಯಿಗೆ ಹೋಗುತ್ತಿರುತ್ತದೆ. ಮೂಗು ಸೋರುವುದಂತೂ ವರ್ಷವಿಡೀ ಇದ್ದದ್ದೇ.

ಇದು ಮಗುವಿನ ತಪ್ಪಲ್ಲ, ಸಾಕುವವರ ತಪ್ಪೂ ಅಲ್ಲ. ಎಷ್ಟು ಶುಚಿಯಾಗಿರುವ ಮನೆಯಲ್ಲೂ ಇದು ನಡೆಯುತ್ತದೆ. "ನಿಮ್ಮ ಮಗನಿಂದ ನಮ್ಮಮ್ಮನಿಗೆ ಬಂತು" ಎಂದು ಯಾರೂ ಯಾರನ್ನೂ ಬೈಯಬಾರದು.

ಇದಕ್ಕೆ ನಿಜವಾಗಿ ಪುರಾವೆ ಇದೆಯಾ? ಕೇಳೋಕೆ ಚೆನ್ನಾಗಿದೆ ಅಂತ ಹೇಳೋದಾ?

ಇದೆ, ಗಟ್ಟಿಯಾದ ಪುರಾವೆ. ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗೇ ಉತ್ತರಿಸಬೇಕು.

ಅಮೆರಿಕದಲ್ಲಿ 2000ನೇ ಇಸವಿಯಲ್ಲಿ ಮಕ್ಕಳಿಗೆ ಈ ಲಸಿಕೆ ಶುರುವಾಯಿತು. ಆಗ ಅದರಲ್ಲಿ ನ್ಯುಮೊಕಾಕಸ್‌ನ ಏಳು ಬಗೆಗಳಿಗೆ ರಕ್ಷಣೆ ಇತ್ತು. ಕೊಟ್ಟಿದ್ದು ಮಕ್ಕಳಿಗೆ ಮಾತ್ರ. ಮರುವರ್ಷವೇ, ಅಂದರೆ 2001ರಲ್ಲಿ, ರಕ್ತಕ್ಕೋ ಮಿದುಳಿನ ಪೊರೆಗೋ ಇಳಿಯುವ ತೀವ್ರ ಸೋಂಕುಗಳನ್ನು ಲೆಕ್ಕ ಹಾಕಿದರು. ಎರಡು ವರ್ಷದೊಳಗಿನ ಮಕ್ಕಳಲ್ಲಿ 69% ಇಳಿದಿತ್ತು. ಅದು ನಿರೀಕ್ಷೆ ಇದ್ದದ್ದೇ. ಆದರೆ 20ರಿಂದ 39 ವರ್ಷದವರಲ್ಲೂ 32% ಇಳಿದಿತ್ತು. 65 ದಾಟಿದವರಲ್ಲಿ 18%. ಇವರಾರೂ ಆ ಲಸಿಕೆ ಹಾಕಿಸಿಕೊಂಡವರಲ್ಲ. 20ರಿಂದ 39 ಅಂದರೆ ಮನೆಯಲ್ಲಿ ಎಳೆ ಮಕ್ಕಳನ್ನು ಎತ್ತಿ ಆಡಿಸುವ ವಯಸ್ಸು. ಅದೇ ವಯಸ್ಸಿನವರಿಗೆ ಅಷ್ಟು ಬೇಗ ಲಾಭ ಸಿಕ್ಕಿದ್ದು ಗಮನಿಸಬೇಕಾದ ಮಾತು.

ಹತ್ತು ವರ್ಷದ ಲೆಕ್ಕ ಇನ್ನೂ ಕಣ್ಣು ತೆರೆಸುವಂಥದ್ದು. ಅದು 2013ರಲ್ಲಿ ಪ್ರಕಟವಾಯಿತು. ಲಸಿಕೆ ಬರುವ ಮುಂಚಿನ 1997ರಿಂದ 1999ರ ಕಾಲವನ್ನು 2007ರಿಂದ 2009ರ ಜೊತೆ ಇಟ್ಟು ನೋಡಿದರು. ನ್ಯುಮೋನಿಯಾ ಅಂತ ಆಸ್ಪತ್ರೆಗೆ ಸೇರುವವರ ಸಂಖ್ಯೆ ಇಡೀ ದೇಶದಲ್ಲಿ ವರ್ಷಕ್ಕೆ ಸುಮಾರು 1,68,000 ಕಡಿಮೆಯಾಗಿತ್ತು. ಅದರಲ್ಲಿ ಎರಡು ವರ್ಷದೊಳಗಿನ ಮಕ್ಕಳು ಸುಮಾರು 47,000. 85 ದಾಟಿದವರು ಸುಮಾರು 73,000! ಚುಚ್ಚುಮದ್ದು ಹಾಕಿಸಿಕೊಂಡ ಕೂಸುಗಳಿಗಿಂತ, ಹಾಕಿಸಿಕೊಳ್ಳದ ಮುತ್ತಜ್ಜಿ ಮುತ್ತಜ್ಜಂದಿರೇ ಲೆಕ್ಕದಲ್ಲಿ ಜಾಸ್ತಿ ಮಂದಿ ಆಸ್ಪತ್ರೆ ತಪ್ಪಿಸಿಕೊಂಡಿದ್ದರು. ಮೊದಲ ಸಲ ಓದುವವರು ಅಂಕಿ ಅದಲು ಬದಲಾಗಿದೆಯೇನೋ ಅಂದುಕೊಳ್ಳುತ್ತಾರೆ. ಅದಲು ಬದಲಾಗಿಲ್ಲ.

"ಅಮೆರಿಕದ ಮಾತು ನಮಗೆ ಯಾಕೆ" ಅನ್ನುವವರಿಗೆ ದಕ್ಷಿಣ ಆಫ್ರಿಕಾ ಇದೆ. ಅಲ್ಲಿ ಲಸಿಕೆ ಶುರುವಾಗಿದ್ದು 2009ರಲ್ಲಿ. ಕೊಡುವ ಸಮಯ 6 ವಾರ, 14 ವಾರ, 9 ತಿಂಗಳು. ನಮ್ಮಲ್ಲಿ ಇರುವುದೂ ಇದೇ ಸಮಯ. ಅಲ್ಲಿ ಬಡತನ ಇದೆ, ಒತ್ತೊತ್ತಾದ ಮನೆಗಳಿವೆ, ಎಚ್‌ಐವಿ ಕೂಡ ಜಾಸ್ತಿ. 2012ರ ಹೊತ್ತಿಗೆ ಲಸಿಕೆಯ ಆ ಮೊದಲ ಏಳು ಬಗೆಗಳಿಂದ ಬರುವ ತೀವ್ರ ಸೋಂಕು ಎರಡು ವರ್ಷದೊಳಗಿನ ಮಕ್ಕಳಲ್ಲಿ 89% ಇಳಿಯಿತು. ಲಸಿಕೆ ಪಡೆಯದ 25ರಿಂದ 44 ವರ್ಷದವರಲ್ಲೂ 57% ಇಳಿಯಿತು.

ಹಾಗಾದರೆ ನಮ್ಮ ಪುಟ್ಟ ಮಗುವಿಗೆ ದೊಡ್ಡವರ ಸಲುವಾಗಿ ಸೂಜಿ ಚುಚ್ಚಿಸಿದಂತೆ ಆಯಿತಲ್ಲ?

ಈ ಪ್ರಶ್ನೆ ಕೇಳುವ ತಾಯಿಯ ಮನಸ್ಸು ಅರ್ಥವಾಗುತ್ತದೆ. ಉತ್ತರ ಮಾತ್ರ ಸ್ಪಷ್ಟ: ಅಲ್ಲ. ಮೊದಲ ಲಾಭ ಮಗುವಿನದೇ. ನ್ಯುಮೊಕಾಕಸ್ ಮಕ್ಕಳಿಗೆ ಬರೀ ನ್ಯುಮೋನಿಯಾ ತರುವುದಿಲ್ಲ. ಮಿದುಳಿನ ಪೊರೆಯ ಸೋಂಕು ತರುತ್ತದೆ, ರಕ್ತಕ್ಕೆ ನಂಜು ಏರಿಸುತ್ತದೆ, ಕಿವಿ ಸೋರುವಂತೆ ಮಾಡುತ್ತದೆ. ಮಿದುಳಿನ ಪೊರೆಗೆ ಬಂದರೆ ಬದುಕಿದ ಮಕ್ಕಳಲ್ಲೂ ಕೆಲವರ ಕಿವಿ ಕೇಳಿಸದೆ ಹೋಗುತ್ತದೆ. ಹಿರಿಯರಿಗೆ ಸಿಗುವ ರಕ್ಷಣೆ ಇದರ ಮೇಲೆ ಬಂದ ಹೆಚ್ಚಿನ ಲಾಭ. ಮನೆಯಲ್ಲಿ ಯಾವ ಹಿರಿಯರೂ ಇಲ್ಲದಿದ್ದರೂ ಮಗುವಿಗೆ ಈ ಲಸಿಕೆ ಬೇಕೇ ಬೇಕು.

ನಮ್ಮಲ್ಲಿ ಈ ಲಸಿಕೆ ಎಲ್ಲಿ ಸಿಗುತ್ತದೆ? ದುಡ್ಡು ಕೊಡಬೇಕಾ?

ಸರ್ಕಾರಿ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಅಂಗನವಾಡಿಯ ಲಸಿಕೆ ದಿನ, ಎಲ್ಲ ಕಡೆ ಉಚಿತ. ಭಾರತದಲ್ಲಿ ಇದು 2017ರಲ್ಲಿ ಹಿಮಾಚಲ ಪ್ರದೇಶ, ಬಿಹಾರ, ಉತ್ತರ ಪ್ರದೇಶದ ಕೆಲವು ಜಿಲ್ಲೆಗಳಲ್ಲಿ ಶುರುವಾಯಿತು. ಇಡೀ ದೇಶಕ್ಕೆ ಬಂದಿದ್ದು 2021ರಲ್ಲಿ. ಕರ್ನಾಟಕಕ್ಕೆ ಬಂದಿದ್ದೂ ಆಗಲೇ. ಅದಕ್ಕಿಂತ ಮುಂಚೆ ಹುಟ್ಟಿದ ಮಕ್ಕಳಲ್ಲಿ ಖಾಸಗಿ ವೈದ್ಯರ ಹತ್ತಿರ ಡೋಸ್‌ಗೆ ಸಾವಿರಾರು ರೂಪಾಯಿ ಕೊಡಬಲ್ಲವರ ಮಕ್ಕಳಿಗೆ ಮಾತ್ರ ಇದು ಸಿಗುತ್ತಿತ್ತು.

ಬೆಲೆ ಇಳಿಯಲು ಒಂದು ಕಾರಣ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿದ ನ್ಯುಮೋಸಿಲ್. ಅದಕ್ಕೆ 2019ರ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಸಿಕ್ಕಿತು. ಅದರಲ್ಲಿ ಹತ್ತು ಬಗೆಗಳಿಗೆ ರಕ್ಷಣೆ ಇದೆ.

ಯಾವಾಗ ಹಾಕಿಸಬೇಕು?

6 ವಾರಕ್ಕೆ ಒಂದು, 14 ವಾರಕ್ಕೆ ಒಂದು, 9 ತಿಂಗಳು ತುಂಬಿದ ಮೇಲೆ ಬೂಸ್ಟರ್. ಪ್ರತಿ ಸಲ ಅರ್ಧ ಎಂ.ಎಲ್., ಬಲ ತೊಡೆಯ ಹೊರಭಾಗಕ್ಕೆ. ಮೊದಲೆರಡು ಸಲ ಎಡ ತೊಡೆಗೆ ಪೆಂಟಾ (ಐದು ರೋಗಗಳಿಗೆ ಒಂದೇ ಲಸಿಕೆ) ಬೀಳುತ್ತದೆ. ಆವತ್ತು ಮಗು ಸ್ವಲ್ಪ ಜಾಸ್ತಿ ಅಳುತ್ತದೆ, ಒಂದೆರಡು ದಿನ ಮೈ ಬಿಸಿ ಇರಬಹುದು, ಚುಚ್ಚಿದ ಜಾಗ ಕೆಂಪಾಗಿ ಗಟ್ಟಿಯಾಗಬಹುದು. ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ ಎಂದು ಸಿಸ್ಟರ್ ಹೇಳುತ್ತಾರೆ. ಬಸ್ಸಿಗೆ ಹೊತ್ತಾಯಿತು ಅಂತ ಓಡಬೇಡಿ, ಕೂತಿರಿ. ಜ್ವರಕ್ಕೆ ಸಿರಪ್ ಎಷ್ಟು ಹಾಕಬೇಕು ಅಂತ ಅವರನ್ನೇ ಕೇಳಿಕೊಂಡು ಬನ್ನಿ.

ತಡವಾಗಿದ್ದರೆ ಇನ್ನು ಹೋಗಿ ಏನು ಪ್ರಯೋಜನ ಅಂತ ಬಿಟ್ಟುಬಿಡಬೇಡಿ. ಮೊದಲ ಡೋಸ್ ಒಂದು ವರ್ಷದೊಳಗೆ ಆಗಿದ್ದರೆ ಉಳಿದ ಡೋಸ್‌ಗಳನ್ನು ಆಮೇಲೂ ಪೂರ್ತಿ ಮಾಡಬಹುದು. ತಾಯಿ ಕಾರ್ಡ್ ತೆಗೆದುಕೊಂಡು ಹೋಗಿ ತೋರಿಸಿ, ಯಾವುದು ಬಾಕಿ ಎಂದು ಅವರೇ ಹೇಳುತ್ತಾರೆ.

ಎರಡು ಡೋಸ್ ಆಗಿದೆ. 9 ತಿಂಗಳಿನದು ಅಷ್ಟು ಮುಖ್ಯವಾ?

ನಾನು ಈ ಪುಟ ಬರೆಯಲು ಕುಳಿತಿದ್ದೇ ಮುಖ್ಯವಾಗಿ ಈ ಪ್ರಶ್ನೆಗಾಗಿ.

ಮೊದಲ ಮೂರೂವರೆ ತಿಂಗಳು ತಾಯಿ ಬಾಣಂತನಕ್ಕೆ ತವರಲ್ಲಿ ಇರುತ್ತಾಳೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ನೆನಪಿಸುತ್ತಿರುತ್ತಾರೆ. ಒಂದೂವರೆ ತಿಂಗಳು, ಎರಡೂವರೆ (ಆಗ ಬೇರೆ ಲಸಿಕೆಗಳು), ಮೂರೂವರೆ ಅಂತ ಸರಿಯಾಗಿ ಹೋಗಿ ಹಾಕಿಸುತ್ತಾರೆ. ಆಮೇಲೆ ಐದೂವರೆ ತಿಂಗಳ ಬಿಡುವು. ಅಷ್ಟರಲ್ಲಿ ಮಗು ಗಂಡನ ಮನೆಗೆ ಬಂದಿರುತ್ತದೆ. ಊರು ಬೇರೆ, ಸಿಸ್ಟರ್ ಬೇರೆ. ಕಾರ್ಡು ತವರಿನ ಬೀರುವಿನಲ್ಲೇ ಉಳಿದಿರುತ್ತದೆ. ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದು ಕಟ್ಟಡದ ಶೆಡ್‌ನಲ್ಲಿ ಇರುವ ಕುಟುಂಬವಾದರೆ ಕೇಳುವವರೇ ಇರುವುದಿಲ್ಲ. ಡೋಸ್ ತಪ್ಪುವುದು ಹೀಗೆ. ಯಾರೂ ಬೇಡ ಅಂತ ತಪ್ಪಿಸುವುದಲ್ಲ.

ಆದರೆ ಮೊದಲ ಎರಡು ಡೋಸ್‌ಗಳಿಂದ ಬಂದ ಪ್ರತಿಕಾಯಗಳು ತಿಂಗಳು ಕಳೆದಂತೆ ಇಳಿಯುತ್ತವೆ. 9 ತಿಂಗಳ ಡೋಸ್ ಅದನ್ನು ಮತ್ತೆ ಮೇಲಕ್ಕೆ ಎತ್ತಿ, ಹೆಚ್ಚು ಕಾಲ ನಿಲ್ಲಿಸುತ್ತದೆ. ಮಗು ನಡೆಯಲು ಕಲಿತು, ಪಕ್ಕದ ಮನೆ ಮಕ್ಕಳ ಜೊತೆ ಸೇರಿ, ಅಂಗನವಾಡಿಗೆ ಹೋಗಲು ಶುರು ಮಾಡುವುದು ಇದಾದ ಮೇಲೆ. ರೋಗಾಣುವನ್ನು ಊರಲ್ಲಿ ಹಂಚುವ ವಯಸ್ಸೂ ಅದೇ. ಆ ವಯಸ್ಸಿನಲ್ಲಿ ಮೂಗಿನಲ್ಲಿ ರಕ್ಷಣೆ ಇರಬೇಕು. ಬ್ರಿಟನ್ನಿನಲ್ಲಿ 2020ರಿಂದ ಮಕ್ಕಳಿಗೆ ಎರಡೇ ಡೋಸ್ ಕೊಡುತ್ತಿದ್ದಾರೆ, ಮೊದಲು 12 ವಾರಕ್ಕೊಂದು (2025ರ ಜುಲೈನಿಂದ 16 ವಾರಕ್ಕೆ), ಒಂದು ವರ್ಷಕ್ಕೊಂದು. ಅಲ್ಲಿ ಕೈಬಿಟ್ಟಿದ್ದು ಎಳೆಯ ವಯಸ್ಸಿನ ಒಂದು ಡೋಸನ್ನು. ಒಂದು ವರ್ಷದ ಬೂಸ್ಟರನ್ನು ಉಳಿಸಿಕೊಂಡರು. ರೋಗಾಣುವಿನ ಓಡಾಟ ತಡೆಯುವುದರಲ್ಲಿ ಬೂಸ್ಟರಿನ ಪಾತ್ರ ದೊಡ್ಡದು ಎಂಬುದೇ ಅವರ ಆಧಾರ. ಹಲವು ವರ್ಷ ಲಸಿಕೆ ಕೊಟ್ಟು ಮಕ್ಕಳಲ್ಲಿ ಆ ಬಗೆಗಳು ಅಪರೂಪವಾದ ಮೇಲೆ ಅವರು ಹಾಗೆ ಮಾಡಿದರು. ನಮ್ಮಲ್ಲಿ ಮೂರೂ ಬೇಕು.

ಅತ್ತೆ ಮಾವ ಮನೆಯಲ್ಲಿದ್ದರೆ ಈ ಜವಾಬ್ದಾರಿ ಅವರೇ ವಹಿಸಿಕೊಳ್ಳಲಿ ಅನ್ನುವುದು ನನ್ನ ಆಸೆ. ಮೊಮ್ಮಗುವಿನ 9 ತಿಂಗಳ ಚುಚ್ಚುಮದ್ದಿನಲ್ಲಿ ಅವರ ಉಸಿರಿನ ಪಾಲೂ ಇದೆ.

ನಮ್ಮ ಮಗುವಿಗೆ ಹಾಕಿಸಿದರೆ ನಮ್ಮ ಅಪ್ಪ ಅಮ್ಮ ಸೇಫಾ?

ಒಂದು ಮಗುವಿನಿಂದ ಅಷ್ಟೊಂದು ಆಗುವುದಿಲ್ಲ. ತಾತ ಬೆಳಗ್ಗೆ ಹಾಲಿಗೆ ಹೋಗುತ್ತಾರೆ, ದೇವಸ್ಥಾನದ ಕಟ್ಟೆಯಲ್ಲಿ ಕೂರುತ್ತಾರೆ, ಮದುವೆ ಮನೆಯಲ್ಲಿ ಹತ್ತಾರು ಮಕ್ಕಳನ್ನು ಮಾತಾಡಿಸುತ್ತಾರೆ. ಅವರ ಸುತ್ತ ಇರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಲಸಿಕೆ ಆಗಿದ್ದರೆ ರೋಗಾಣುವಿಗೆ ಇರಲು ಮೂಗುಗಳೇ ಕಡಿಮೆಯಾಗುತ್ತವೆ. ಆಗಲೇ ಪರೋಕ್ಷ ರಕ್ಷಣೆ ಗಟ್ಟಿಯಾಗುವುದು. ಕೆಲವೇ ಮಕ್ಕಳಿಗೆ ಆಗಿದ್ದರೆ ಆ ಮಕ್ಕಳು ಉಳಿಯುತ್ತಾರೆ, ಹಿರಿಯರಿಗೆ ಹೆಚ್ಚೇನೂ ತಲುಪುವುದಿಲ್ಲ.

ಇದು ತಕ್ಷಣ ಬರುವ ಫಲವೂ ಅಲ್ಲ. ಒಂದಾದ ಮೇಲೊಂದು ವರ್ಷದ ಮಕ್ಕಳು ಲಸಿಕೆ ಪಡೆಯುತ್ತಾ ಹೋದಂತೆ ವರ್ಷಗಳಲ್ಲಿ ಬೆಳೆಯುತ್ತದೆ. ಹಾಗಾಗಿ ಮನೆಗೆಲಸಕ್ಕೆ ಬರುವವರ ಮಗುವಿಗೆ ಡೋಸ್ ಆಗಿದೆಯೇ ಎಂದು ವಿಚಾರಿಸಿ. ಎದುರುಗಡೆ ಕಟ್ಟಡದ ಕೆಲಸದವರಿಗೆ ಪಿಎಚ್‌ಸಿ ಎಲ್ಲಿದೆ, ಲಸಿಕೆ ದಿನ ಯಾವುದು ಎಂದು ತೋರಿಸಿ. ಲಸಿಕೆ ದಿನ ಹಲವು ಕಡೆ ಗುರುವಾರ ಇರುತ್ತದೆ. ಆಧಾರ್ ಇಲ್ಲ, ಬೇರೆ ಊರಿನ ಕಾರ್ಡ್ ಇದೆ ಅಂತ ಅವರು ಹಿಂಜರಿಯುತ್ತಿದ್ದರೆ ಜೊತೆಗೆ ಹೋಗಿ ಮಾತಾಡಿ.

ಹಿರಿಯರಿಗೆ ಬೇರೆ ಲಸಿಕೆ ಬೇಡವಾ ಹಾಗಾದರೆ?

ಬೇಕು. ಮಕ್ಕಳ ಲಸಿಕೆಯನ್ನು ನಂಬಿ ಹಿರಿಯರದನ್ನು ಬಿಡಬಾರದು. 65 ದಾಟಿದವರು, ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ದಮ್ಮು, ಕಿಡ್ನಿ ಅಥವಾ ಲಿವರ್ ತೊಂದರೆ ಇರುವವರು, ಗುಲ್ಮ (ಸ್ಪ್ಲೀನ್) ತೆಗೆಸಿಕೊಂಡವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು ತಮ್ಮ ಡಾಕ್ಟರ್ ಹತ್ತಿರ ನ್ಯುಮೊಕಾಕಸ್ ಲಸಿಕೆ ಬಗ್ಗೆ ಕೇಳಲೇಬೇಕು. ನಮ್ಮಲ್ಲಿ ಸರ್ಕಾರದ ಲಸಿಕೆ ಕಾರ್ಯಕ್ರಮದಲ್ಲಿ ಇದು ಮಕ್ಕಳಿಗೆ ಮಾತ್ರ. ದೊಡ್ಡವರು ಖಾಸಗಿಯಾಗಿ ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕು. ಅದು ಎಲ್ಲರ ಕೈಗೆ ಎಟುಕುವ ಬೆಲೆಯಲ್ಲ. ಅದಕ್ಕೇ ಮಕ್ಕಳ ಮೂಲಕ ಸಿಗುವ ರಕ್ಷಣೆ ನಮ್ಮ ಬಡ ಹಿರಿಯರಿಗೆ ಇನ್ನೂ ಮುಖ್ಯ. ಎಷ್ಟೋ ಮಂದಿಗೆ ಸಿಗುವುದು ಅದೊಂದೇ.

ಹಿರಿಯರಿಗೆ ನೇರವಾಗಿ ಕೊಟ್ಟರೆ ಎಷ್ಟು ಉಪಯೋಗ ಎಂದು ನೆದರ್‌ಲ್ಯಾಂಡ್ಸ್‌ನಲ್ಲಿ 65 ದಾಟಿದ ಸುಮಾರು 85,000 ಜನರ ಮೇಲೆ ಪರೀಕ್ಷೆ ನಡೆಯಿತು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಲಸಿಕೆಯಲ್ಲಿರುವ ಬಗೆಗಳಿಂದ ಬರುವ ನ್ಯುಮೋನಿಯಾ ಸುಮಾರು 46% ಕಡಿಮೆಯಾಗಿತ್ತು, ತೀವ್ರ ಸೋಂಕು 75%. ಅಂದರೆ ಒಳ್ಳೆಯ ಲಸಿಕೆಯೇ.

ಇಲ್ಲೊಂದು ಸ್ವಾರಸ್ಯದ ಸಂಗತಿ ಇದೆ. ಅಮೆರಿಕದಲ್ಲಿ 2014ರಲ್ಲಿ 65 ದಾಟಿದ ಎಲ್ಲರಿಗೂ 13 ಬಗೆಗಳ ಪಿಸಿವಿ ಕೊಡಿ ಎಂದು ಅಲ್ಲಿನ ಸಲಹಾ ಸಮಿತಿ ಹೇಳಿತ್ತು. 2019ರಲ್ಲಿ ಆ ಸಲಹೆಯನ್ನು ಸಡಿಲಿಸಿ, ವೈದ್ಯರು ರೋಗಿ ಇಬ್ಬರೂ ಕೂತು ಮಾತಾಡಿ ತೀರ್ಮಾನಿಸಲಿ ಎಂದಿತು. ಮಕ್ಕಳಿಗೆ ವರ್ಷಗಟ್ಟಲೆ ಲಸಿಕೆ ಕೊಟ್ಟಿದ್ದರಿಂದ ಆ 13 ಬಗೆಗಳಲ್ಲಿ ಹೆಚ್ಚಿನವು ಹಿರಿಯರಲ್ಲಿ ಅಷ್ಟು ಅಪರೂಪವಾಗಿದ್ದವು. ಪರೋಕ್ಷ ರಕ್ಷಣೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಆಮೇಲೆ 15, 20 ಬಗೆಗಳ ಹೊಸ ಲಸಿಕೆಗಳು ಬಂದ ಮೇಲೆ ಹಿರಿಯರಿಗೆ ಅವನ್ನು ಕೊಡಿ ಎಂದು ಮತ್ತೆ ಹೇಳಿದರು.

ಆಮೇಲೆ ಹೊಸ ಲಸಿಕೆ ಯಾಕೆ ಬೇಕಾಯಿತು?

ನ್ಯುಮೊಕಾಕಸ್‌ನಲ್ಲಿ 100ಕ್ಕೂ ಹೆಚ್ಚು ಬಗೆಗಳಿವೆ. ಪ್ರತಿಯೊಂದಕ್ಕೂ ಸಕ್ಕರೆಯ ಅಣುಗಳಿಂದ ಆದ ಒಂದು ಹೊರಕವಚ ಇರುತ್ತದೆ, ಬಗೆಯಿಂದ ಬಗೆಗೆ ಆ ಕವಚ ಬೇರೆ. ನಮ್ಮ ದೇಹದ ರಕ್ಷಕ ಕಣಗಳು ಅದನ್ನು ನುಂಗದಂತೆ ತಡೆಯುವುದೇ ಈ ಕವಚ. 1928ರಲ್ಲಿ ಬ್ರಿಟನ್ನಿನ ವಿಜ್ಞಾನಿ ಫ್ರೆಡ್ರಿಕ್ ಗ್ರಿಫಿತ್ ಇಲಿಗಳ ಮೇಲೆ ಪ್ರಯೋಗ ಮಾಡಿದಾಗ ಕವಚ ಇಲ್ಲದ ನ್ಯುಮೊಕಾಕಸ್ ಇಲಿಗಳನ್ನು ಕೊಲ್ಲಲಿಲ್ಲ, ಕವಚ ಇದ್ದದ್ದು ಕೊಂದಿತು. ಲಸಿಕೆ ನಮ್ಮ ದೇಹಕ್ಕೆ ಈ ಕವಚವನ್ನೇ ಪರಿಚಯ ಮಾಡಿಸುತ್ತದೆ.

ತೊಂದರೆ ಏನೆಂದರೆ, ಲಸಿಕೆಯಲ್ಲಿರುವ ಬಗೆಗಳು ಮಕ್ಕಳ ಮೂಗಿನಿಂದ ಜಾಗ ಖಾಲಿ ಮಾಡಿದಾಗ ಲಸಿಕೆಯಲ್ಲಿ ಇಲ್ಲದ ಬಗೆಗಳು ಅಲ್ಲಿ ಬಂದು ಸೇರುತ್ತವೆ. ಏಳು ಬಗೆಗಳ ಲಸಿಕೆ ಬಂದ ಮೇಲೆ 19ಎ ಎಂಬ ಬಗೆ ಹಲವು ದೇಶಗಳಲ್ಲಿ ಜಾಸ್ತಿಯಾಯಿತು. ಅದನ್ನು ಸೇರಿಸಿ 13 ಬಗೆಗಳ ಲಸಿಕೆ ಮಾಡಿದರು. ನ್ಯುಮೋಸಿಲ್‌ನಲ್ಲೂ 19ಎ ಇದೆ. ಬ್ರಿಟನ್ನಿನಲ್ಲಿ ಆಮೇಲೆ 8, 12ಎಫ್‌ನಂಥ ಬಗೆಗಳು ಹಿರಿಯರಲ್ಲಿ ಹೆಚ್ಚಾದವು. ಇದರಿಂದ ಹಿರಿಯರಿಗೆ ಸಿಕ್ಕ ಲಾಭದಲ್ಲಿ ಸ್ವಲ್ಪ ಪಾಲು ಕೈತಪ್ಪಿತು. 3 ಎಂಬ ಬಗೆ ಇನ್ನೂ ಹಟಮಾರಿ. 13ರ ಲಸಿಕೆಯಲ್ಲಿ ಅದು ಇದ್ದರೂ ಹಿರಿಯರಲ್ಲಿ ಅದರ ಕಾಟ ನಿರೀಕ್ಷಿಸಿದಷ್ಟು ಇಳಿಯಲಿಲ್ಲ. ನ್ಯುಮೋಸಿಲ್‌ನಲ್ಲಂತೂ ಅದು ಇಲ್ಲ.

ಇದನ್ನು ಮುಚ್ಚಿಡುವುದು ಬೇಡ. ಇಷ್ಟಾಗಿಯೂ ಅಮೆರಿಕದಂಥ ಕಡೆ ಒಟ್ಟು ಲೆಕ್ಕದಲ್ಲಿ ರೋಗ ಇಳಿದಿದೆ, ಮೇಲೆ ಹೇಳಿದ ಅಂಕಿಗಳು ಅದನ್ನೇ ತೋರಿಸುತ್ತವೆ.

23 ಬಗೆಗಳ ಲಸಿಕೆ ಅಂತ ಒಂದು ಇದೆಯಂತೆ. ಅದನ್ನೇ ಮಕ್ಕಳಿಗೆ ಕೊಟ್ಟರೆ ಆಗಲ್ವಾ?

ಆಗುವುದಿಲ್ಲ. 1983ರಿಂದ ಇರುವ ಆ ಲಸಿಕೆಯಲ್ಲಿ ಬರೀ ಕವಚದ ಸಕ್ಕರೆ ಇರುತ್ತದೆ. ಎರಡು ವರ್ಷದೊಳಗಿನ ಮಕ್ಕಳ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಮೂಗಿನಲ್ಲಿ ಇರುವ ರೋಗಾಣುವನ್ನು ಅದು ಕಡಿಮೆ ಮಾಡುವುದೂ ಇಲ್ಲ. ಪಿಸಿವಿಯಲ್ಲಿ ಅದೇ ಸಕ್ಕರೆಯನ್ನು ಒಂದು ಪ್ರೋಟೀನಿಗೆ ಅಂಟಿಸಿರುತ್ತಾರೆ. ಆಗ ಎಳೆ ಮಗುವಿನ ದೇಹವೂ ಅದನ್ನು ಗುರುತಿಟ್ಟುಕೊಳ್ಳುತ್ತದೆ. ಪರೋಕ್ಷ ರಕ್ಷಣೆ ಸಾಧ್ಯವಾಗಿದ್ದು ಈ ಅಂಟಿಸುವ ಕೆಲಸದಿಂದ.

ಲಸಿಕೆ ಹಾಕಿಸಿದ ಮಗುವಿನಿಂದ ಅಜ್ಜಿಗೆ ಸೋಂಕು ತಗಲುತ್ತಾ?

ಇಲ್ಲ. ಪಿಸಿವಿಯಲ್ಲಿ ಜೀವಂತ ರೋಗಾಣುವೇ ಇಲ್ಲ. ಚುಚ್ಚಿಸಿದ ದಿನವೇ ಅಜ್ಜಿ ಮಗುವನ್ನು ಎತ್ತಿಕೊಂಡು ಸಮಾಧಾನ ಮಾಡಬಹುದು.

ಬೇರೆ ಲಸಿಕೆಗಳಿಂದಲೂ ಹೀಗೆ ಆಗುತ್ತದೆಯಾ?

ಆಗುತ್ತದೆ. ಫ್ಲೂ ಲಸಿಕೆಯ ಕಥೆ ಇನ್ನೂ ಹಳೆಯದು. ಜಪಾನ್‌ನಲ್ಲಿ 1962ರಿಂದ ಶಾಲಾ ಮಕ್ಕಳಿಗೆ ಫ್ಲೂ ಲಸಿಕೆ ಕೊಡುತ್ತಿದ್ದರು. 1987ರಲ್ಲಿ ಕಡ್ಡಾಯ ಸಡಿಲವಾಯಿತು, 1994ರಲ್ಲಿ ಕಾರ್ಯಕ್ರಮವೇ ನಿಂತಿತು. ಆಮೇಲೆ ಸಾವಿನ ಲೆಕ್ಕ ತೆಗೆದು ನೋಡಿದರೆ, ಮಕ್ಕಳಿಗೆ ಕೊಡುತ್ತಿದ್ದ ವರ್ಷಗಳಲ್ಲಿ ಚಳಿಗಾಲದ ಹೆಚ್ಚುವರಿ ಸಾವುಗಳು ಕಡಿಮೆ ಇದ್ದವು, ನಿಲ್ಲಿಸಿದ ಮೇಲೆ ಮತ್ತೆ ಏರಿದವು. ಸುಮಾರು 420 ಮಕ್ಕಳಿಗೆ ಲಸಿಕೆ ಕೊಟ್ಟರೆ ಒಂದು ಸಾವು ತಪ್ಪುತ್ತಿತ್ತು ಎಂದು 2001ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. ಆ ಸಾವುಗಳಲ್ಲಿ ಹೆಚ್ಚಿನವು ವಯಸ್ಸಾದವರವು. ಕೆನಡಾದಲ್ಲಿ ಹಟರೈಟ್ ಎಂಬ ಸಮುದಾಯದವರು ಊರ ಹೊರಗೆ ಪುಟ್ಟ ಪುಟ್ಟ ಕೇರಿಗಳಲ್ಲಿ ಒಟ್ಟಾಗಿ ಬದುಕುತ್ತಾರೆ. ಕೆಲವು ಕೇರಿಗಳ ಮಕ್ಕಳಿಗೆ ಫ್ಲೂ ಲಸಿಕೆ, ಉಳಿದ ಕೇರಿಗಳ ಮಕ್ಕಳಿಗೆ ಬೇರೆ ಲಸಿಕೆ ಕೊಟ್ಟು ನೋಡಿದರು. ಫ್ಲೂ ಲಸಿಕೆಯ ಕೇರಿಗಳಲ್ಲಿ ಲಸಿಕೆ ಪಡೆಯದವರಿಗೂ ಫ್ಲೂ 61% ಕಡಿಮೆ ಬಂದಿತ್ತು.

ಫ್ಲೂಗೂ ನ್ಯುಮೋನಿಯಾಕ್ಕೂ ಹತ್ತಿರದ ನಂಟು. ಫ್ಲೂ ಬಂದು ಉಸಿರಿನ ದಾರಿಯ ಒಳಪದರ ಹಾಳಾದಾಗ ನ್ಯುಮೊಕಾಕಸ್ ಸುಲಭವಾಗಿ ಒಳಗಿಳಿಯುತ್ತದೆ. 1918ರ ದೊಡ್ಡ ಫ್ಲೂನಲ್ಲಿ ಸತ್ತವರಲ್ಲಿ ಬಹುಪಾಲು ಮಂದಿಯ ಜೀವ ತೆಗೆದಿದ್ದು ಹಿಂದೆಯೇ ಬಂದ ಬ್ಯಾಕ್ಟೀರಿಯಾದ ನ್ಯುಮೋನಿಯಾ.

ಆಂಟಿಬಯೋಟಿಕ್ ಇದೆಯಲ್ಲ, ಬಂದಾಗ ನೋಡಿಕೊಂಡರೆ ಆಯಿತು ಅಲ್ವಾ?

ಮಾತ್ರೆಗೆ ಬಗ್ಗದ ನ್ಯುಮೊಕಾಕಸ್ ಹೆಚ್ಚುತ್ತಿರುವಾಗ ಆ ಧೈರ್ಯ ಬೇಡ. ಸಣ್ಣ ಮಕ್ಕಳಿಗೆ ಪದೇ ಪದೇ ಆಂಟಿಬಯೋಟಿಕ್ ಕೊಡುವುದರಿಂದ ಅಂಥ ತಳಿಗಳು ಅವರ ಮೂಗಿನಲ್ಲೇ ತಯಾರಾಗುತ್ತವೆ. ಲಸಿಕೆ ಅದನ್ನೂ ತಡೆಯುತ್ತದೆ. ಅಮೆರಿಕದಲ್ಲಿ 1999ರಿಂದ 2004ರೊಳಗೆ ಪೆನಿಸಿಲಿನ್‌ಗೆ ಬಗ್ಗದ ತೀವ್ರ ಸೋಂಕು ಒಟ್ಟು 57% ಇಳಿಯಿತು. 65 ದಾಟಿದವರಲ್ಲಿ 49% ಇಳಿಯಿತು. ಮೆಡಿಕಲ್ ಶಾಪಿನಿಂದ ಚೀಟಿ ಇಲ್ಲದೆ ತಂದು ಎರಡು ದಿನ ನುಂಗಿ ಬಿಡುವ ಅಭ್ಯಾಸ ಇರುವ ನಮ್ಮಂಥ ಕಡೆ ಇದರ ಬೆಲೆ ಇನ್ನೂ ದೊಡ್ಡದು.

ಹಿರಿಯರಲ್ಲಿ ನ್ಯುಮೋನಿಯಾ ಅಂತ ಹೇಗೆ ಗೊತ್ತಾಗುತ್ತದೆ?

ಜ್ವರ, ಕಫದ ಕೆಮ್ಮು, ಉಸಿರೆಳೆದರೆ ಎದೆಯ ಪಕ್ಕದಲ್ಲಿ ಚುಚ್ಚಿದ ಹಾಗೆ ನೋವು. ಇವು ಗೊತ್ತಿರುವ ಲಕ್ಷಣಗಳು. ಆದರೆ ತುಂಬಾ ವಯಸ್ಸಾದವರಲ್ಲಿ ಜ್ವರವೇ ಬರದೆ ಇರಬಹುದು. ನಿನ್ನೆವರೆಗೆ ಚೆನ್ನಾಗಿದ್ದವರು ಇದ್ದಕ್ಕಿದ್ದಂತೆ ಊಟ ಬಿಡುತ್ತಾರೆ, ಮಂಕಾಗುತ್ತಾರೆ, ಹೊತ್ತು ಗೊತ್ತಿಲ್ಲದೆ ಏನೇನೋ ಮಾತಾಡುತ್ತಾರೆ, ಬಚ್ಚಲಿಗೆ ಹೋಗುವಾಗ ಬೀಳುತ್ತಾರೆ. "ವಯಸ್ಸಾಯ್ತಲ್ಲ" ಅಂತ ಬಿಡಬೇಡಿ. ಅವರು ಸುಮ್ನೆ ಮಲಗಿರುವಾಗ ಹೊಟ್ಟೆ ಎದೆ ಏಳುವುದನ್ನು ನೋಡುತ್ತಾ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 30 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಬೀಡಿ ಸಿಗರೇಟಿಗೂ ಇದಕ್ಕೂ ಸಂಬಂಧ ಇದೆಯಾ?

ಬಹಳ ಇದೆ. ದೊಡ್ಡವರ ತೀವ್ರ ನ್ಯುಮೊಕಾಕಸ್ ಸೋಂಕಿನ ಬಗ್ಗೆ 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸೇದುವವರಿಗೆ ಅಪಾಯ ಸುಮಾರು ನಾಲ್ಕು ಪಟ್ಟು. ಪಕ್ಕದಲ್ಲಿ ಕೂತು ಹೊಗೆ ಕುಡಿಯುವವರಿಗೂ ಅಪಾಯ ಹೆಚ್ಚಿತ್ತು. ಡೇಕೇರ್‌ಗೆ ಹೋಗುವ ಪುಟ್ಟ ಮಕ್ಕಳು ಮನೆಯಲ್ಲಿ ಇರುವುದೂ ಅದೇ ಪಟ್ಟಿಯಲ್ಲಿತ್ತು. ಮಕ್ಕಳನ್ನು ದೂರ ಇಡಲಾಗದು, ಇಡಲೂಬಾರದು. ಬೀಡಿಯನ್ನು ದೂರ ಇಡಬಹುದು.

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದೇವೆ. ನಮಗೇನಾದರೂ ಬೇಕಾ?

ಅಲ್ಲಿ ಮೊಮ್ಮಗುವಿಗೆ 2, 4, 6 ತಿಂಗಳಿಗೆ, ಆಮೇಲೆ 12ರಿಂದ 15 ತಿಂಗಳೊಳಗೆ ಈ ಲಸಿಕೆ ಕೊಡುತ್ತಾರೆ. ಈಗ 15 ಅಥವಾ 20 ಬಗೆಗಳದ್ದು. ಅದು ನಿಮಗೂ ಒಳ್ಳೆಯದೇ. ಆದರೆ ದೊಡ್ಡ ಮೊಮ್ಮಗು ಡೇಕೇರ್‌ಗೆ ಹೋಗುತ್ತಿದ್ದರೆ ವಾರಕ್ಕೊಂದು ನೆಗಡಿ ಮನೆಗೆ ತರುತ್ತದೆ. ನವೆಂಬರ್‌ನಿಂದ ಫೆಬ್ರವರಿ ಮನೆ ಬಾಗಿಲು ಕಿಟಕಿ ಮುಚ್ಚಿಯೇ ಇರುತ್ತವೆ. ಅಲ್ಲಿ 2024ರ ಅಕ್ಟೋಬರ್‌ನಿಂದ 50 ದಾಟಿದ ಎಲ್ಲರಿಗೂ ನ್ಯುಮೊಕಾಕಸ್ ಲಸಿಕೆಯ ಸಲಹೆ ಇದೆ. ಪ್ರವಾಸಿ ವಿಮೆಯಲ್ಲಿ ಲಸಿಕೆ ಖರ್ಚು ಸಾಮಾನ್ಯವಾಗಿ ಸೇರಿರುವುದಿಲ್ಲ. ಹಾಗಾಗಿ ಹೊರಡುವ ಒಂದು ತಿಂಗಳು ಮುಂಚೆ ಇಲ್ಲೇ ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿ ನ್ಯುಮೊಕಾಕಸ್ ಮತ್ತು ಫ್ಲೂ ಎರಡನ್ನೂ ಹಾಕಿಸಿಕೊಳ್ಳಿ. ಹಾಕಿಸಿದ ತಾರೀಕು, ಲಸಿಕೆಯ ಹೆಸರು ಬರೆಸಿಕೊಂಡು ಆ ಚೀಟಿಯನ್ನು ಪಾಸ್‌ಪೋರ್ಟ್ ಜೊತೆಗೆ ಇಟ್ಟುಕೊಳ್ಳಿ. ಅಲ್ಲಿ ಹುಷಾರು ತಪ್ಪಿದರೆ ಡಾಕ್ಟರ್ ಮೊದಲು ಕೇಳುವವುಗಳಲ್ಲಿ ಅದೂ ಒಂದು.